ವೇದಿಕೆಯ ಮೇಲೆ ತನ್ನ ದನಿ ತನಗೆ



ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಲಕ್ಕೂರು ಎಂಬ ಹೋಬಳಿ ಕೇಂದ್ರವಿದೆ. ಚಿಕ್ಕತಿರುಪತಿಯ ಹೆಸರನ್ನು ನೀವು ಕೇಳಿದ್ದರೆ, ಅದು ಇದೇ ಹೋಬಳಿಗೆ ಸೇರಿದ ಊರು. ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ತಮಿಳುನಾಡಿನ ಹೊಸೂರು. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಸೀಮೆ ಇದು. ಇಂಥ ಊರುಗಳಲ್ಲಿ ಜಾತ್ರೆಗೋ, ಗಣೇಶನ ಹಬ್ಬಕ್ಕೋ, ರಾಜ್ಯೋತ್ಸವಕ್ಕೋ ರಸಮಂಜರಿ ಕಾರ್ಯಕ್ರಮ ಏರ್ಪಡಿಸುವುದು ಬಹುಕಾಲದ ರೂಢಿ.

ಅಂಥದೊಂದು ರಾತ್ರಿಯನ್ನು ಕಲ್ಪಿಸಿಕೊಳ್ಳಿ. ಶಾಲೆಯ ಮೈದಾನದಲ್ಲಿ ಹಲಗೆಗಳ ವೇದಿಕೆ. ಎರಡೂ ಪಕ್ಕದಲ್ಲಿ ಆಳೆತ್ತರಕ್ಕೆ ಪೇರಿಸಿದ ಸ್ಪೀಕರ್ ಪೆಟ್ಟಿಗೆಗಳು. ಹಾಡುವವರು ಮುಂದೆ, ಕೀಬೋರ್ಡು, ರಿದಂ ಪ್ಯಾಡು, ಡ್ರಮ್ಮು ಹಿಂದೆ. ಡ್ರಮ್ಮಿನ ಮಗ್ಗುಲಲ್ಲಿ ನಾಲ್ಕು ದಪ್ಪ ತಂತಿಗಳ ಗಿಟಾರು ಹಿಡಿದು ಒಬ್ಬರು ನಿಂತಿದ್ದಾರೆ. ಅವರ ಕಡೆಗೆ ಹೆಚ್ಚು ಜನರ ಕಣ್ಣು ಹೋಗುವುದಿಲ್ಲ. ಅವರೇ ಬೇಸ್ ಗಿಟಾರ್ ವಾದಕರು. ಸಾವಿರ ಜನಕ್ಕೆ ಕೇಳುವಂತೆ ಸ್ಪೀಕರುಗಳು ಮೊಳಗುತ್ತಿವೆ. ಆದರೆ ತಮ್ಮ ಬೆರಳು ಮೀಟಿದ ಸ್ವರ ಅವರಿಗೇ ಕೇಳುತ್ತಿದೆಯೇ?

ಪ್ರಶ್ನೆ ಸಣ್ಣದೆಂದು ತೋರಬಹುದು. ಅದರ ಹಿಂದೆ ಮಾತ್ರ ಒಂದು ದೊಡ್ಡ ಚರಿತ್ರೆಯಿದೆ. ಸಂಗೀತ ಸಭೆಗೆ ಹೇಗೆ ಕೇಳಿಸಿತು ಎಂಬುದರ ಬಗ್ಗೆ ಬಹಳ ಜನ ಬರೆದಿದ್ದಾರೆ. ಕಲಾವಿದನಿಗೆ ಹೇಗೆ ಕೇಳಿಸಿತು ಎಂಬುದರ ಬಗ್ಗೆ ಬರೆದವರು ಕಡಿಮೆ. ಈ ಎರಡು ಚರಿತ್ರೆಗಳು ಒಂದೇ ದಾರಿಯಲ್ಲಿ ನಡೆಯಲಿಲ್ಲ. ಸಭೆಗೆ ದನಿ ಹೆಚ್ಚಿಸಿದ ಯಂತ್ರಗಳು ಅನೇಕ ಸಲ ಕಲಾವಿದನ ಕಿವಿಯಿಂದ ಅವನ ದನಿಯನ್ನು ಕಸಿದುಕೊಂಡಿವೆ. ಇಂದು ಗಾಯಕರ, ವಾದಕರ ಕಿವಿಯೊಳಗೆ ಕಾಣುವ ಪುಟ್ಟ ಸಾಧನ, ಅಂದರೆ ಇನ್-ಇಯರ್ ಮಾನಿಟರ್, ಆ ಕಳೆದುಹೋದ ದನಿಯನ್ನು ಮರಳಿ ಪಡೆಯುವ ಪ್ರಯತ್ನ. ಅದು ಹೇಗೆ ಬಂತು, ಏನು ಕೊಟ್ಟಿತು, ಏನು ಕಿತ್ತುಕೊಂಡಿತು ಎಂಬುದನ್ನು ನೋಡೋಣ.

ಬೆನ್ನ ಹಿಂದಿನ ತಂಬೂರಿ

ವಿದ್ಯುತ್ತು ಬರುವ ಮುಂಚೆ ನಮ್ಮ ಕಲಾವಿದರು ತಮ್ಮ ದನಿಯನ್ನು ಕೇಳಿಸಿಕೊಳ್ಳಲು ಕಷ್ಟಪಡಲಿಲ್ಲವೇ ಎಂದು ನೀವು ಕೇಳಬಹುದು. ಅವರಿಗೂ ಈ ಸಮಸ್ಯೆ ಇತ್ತು. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಯಂತ್ರದ್ದಲ್ಲ, ಕೂರುವ ಕ್ರಮದ್ದು. ಕರ್ನಾಟಕ ಸಂಗೀತದ ಕಛೇರಿಯಲ್ಲಿ ತಂಬೂರಿ ಹಿಡಿದ ಶಿಷ್ಯ ಗುರುವಿನ ಬೆನ್ನ ಹಿಂದೆಯೇ ಕೂರುತ್ತಾನೆ. ಆ ಶ್ರುತಿ ಮೊದಲು ಬೇಕಾದದ್ದು ಹಾಡುವವರಿಗೆ, ಸಭಿಕರಿಗೆ ಆಮೇಲೆ. ಪಿಟೀಲಿನವರು, ಮೃದಂಗದವರು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂರುತ್ತಾರೆ. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುವ ದೂರ ಅದು.

ಕೋಲಾರ ಸೀಮೆಯ ಬಯಲಾಟವಾದ ಕೇಳಿಕೆಯಲ್ಲೂ ಹಾಗೆಯೇ. ಭಾಗವತರು, ಮುಖವೀಣೆಯವರು, ಮದ್ದಳೆಯವರು ಒಟ್ಟಾಗಿ ವೇಷಧಾರಿಯ ಹಿಂಬದಿಗೆ ನಿಲ್ಲುತ್ತಾರೆ. ವೇಷಧಾರಿಗೆ ತಾಳ ಬೆನ್ನಿನ ಕಡೆಯಿಂದ ಬರುತ್ತದೆ. ಊರೂರುಗಳಲ್ಲಿ ನಡೆಯುವ 'ಕುರುಕ್ಷೇತ್ರ'ದಂಥ ಪೌರಾಣಿಕ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ವೇದಿಕೆಯ ಅಂಚಿನಲ್ಲಿ, ಪಾತ್ರಧಾರಿಯ ಕಣ್ಣಿಗೆ ಕಾಣುವ ಹಾಗೆ ಕೂರುತ್ತಾರೆ. ಪಾತ್ರಧಾರಿ ಶ್ರುತಿ ಬಿಟ್ಟರೆ ಮೇಷ್ಟ್ರು ಆ ಸ್ವರವನ್ನು ಒತ್ತಿ ಹಿಡಿದು ಎಳೆದು ತರುತ್ತಾರೆ.

ತಮಟೆಯ ಮಾತೇ ಬೇರೆ. ಅದಕ್ಕೆ ಯಾವ ಸಹಾಯವೂ ಬೇಡ. ಬೆಂಕಿಗೆ ಹಿಡಿದು ಚರ್ಮವನ್ನು ಕಾಯಿಸಿ ಬಿಗಿ ಮಾಡಿದರೆ ಅದರ ದನಿ ಊರಾಚೆಗೂ ಮುಟ್ಟುತ್ತದೆ. ಹಿಂದೆ ಕೋಲಾರ ಜಿಲ್ಲೆಯಲ್ಲಿದ್ದು 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ತಮಟೆ ಬಡಿಯುವವನಿಗೆ ತನ್ನ ವಾದ್ಯ ಎದೆಗೆ ತಾಗಿಕೊಂಡೇ ಇರುತ್ತದೆ. ಅವನು ಅದನ್ನು ಕಿವಿಯಿಂದಲೂ ಕೇಳುತ್ತಾನೆ, ಮೈಯಿಂದಲೂ ಕೇಳುತ್ತಾನೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಬೇಸ್ ಗಿಟಾರಿನ ವಿಚಾರಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಚೌಡಯ್ಯನವರ ಏಳು ತಂತಿ

ಸಭೆ ದೊಡ್ಡದಾದಂತೆ ಹಳೆಯ ಕ್ರಮ ಸಾಲದಾಯಿತು. ಇದಕ್ಕೆ ನಮ್ಮ ನಾಡಿನಲ್ಲೇ ಒಂದು ಪ್ರಸಿದ್ಧ ನಿದರ್ಶನವಿದೆ. ತಿರುಮಕೂಡಲಿನ ಟಿ. ಚೌಡಯ್ಯನವರು (1895–1967) ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ದೊಡ್ಡ ದೊಡ್ಡ ಗಾಯಕರಿಗೆ ಪಿಟೀಲಿನ ಪಕ್ಕವಾದ್ಯ ನುಡಿಸುತ್ತಿದ್ದ ಅವರಿಗೆ, ಮೈಕಿಲ್ಲದ ಆ ಕಾಲದಲ್ಲಿ, ನಾಲ್ಕು ತಂತಿಯ ಪಿಟೀಲಿನ ನಾದ ಸಭೆಯ ಕೊನೆಯ ಸಾಲಿಗೆ ಮುಟ್ಟುತ್ತಿಲ್ಲವೆಂಬುದು ಅನುಭವಕ್ಕೆ ಬಂತು. ಅವರು ಮೂರು ತಂತಿಗಳನ್ನು ಹೆಚ್ಚಿಗೆ ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ನಾದ ತುಂಬಿಕೊಂಡಿತು, ಘನವಾಯಿತು. ನುಡಿಸುವುದು ಮಾತ್ರ ಬಹಳ ಕಷ್ಟವಾಯಿತು. ಏಳು ತಂತಿಗಳನ್ನು ಶ್ರುತಿಯಲ್ಲಿಡುವುದೇ ಒಂದು ಸಾಧನೆ. 1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಅವರಿಗೆ ದೊರೆಯಿತು. 1980ರಲ್ಲಿ ಬೆಂಗಳೂರಿನಲ್ಲಿ ಅವರ ನೆನಪಿಗೆ ಕಟ್ಟಿದ ಸಭಾಭವನಕ್ಕೆ ಪಿಟೀಲಿನದೇ ಆಕಾರ ಕೊಡಲಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಚೌಡಯ್ಯನವರು ದನಿಯನ್ನು ಹೆಚ್ಚಿಸಿದ್ದು ವಾದ್ಯದ ಒಡಲಿನಲ್ಲೇ. ಸಭೆಗೆ ಕೇಳಿದ ನಾದವೇ ಅವರ ಗದ್ದದ ಕೆಳಗೂ ಮೊಳಗುತ್ತಿತ್ತು. ಕಲಾವಿದನಿಗೆ ಕೇಳುವ ದನಿ, ಸಭೆಗೆ ಕೇಳುವ ದನಿ ಎರಡೂ ಇನ್ನೂ ಒಂದೇ ಆಗಿದ್ದವು. ಇವೆರಡನ್ನೂ ಬೇರ್ಪಡಿಸಿದ್ದು ಧ್ವನಿವರ್ಧಕ.

ಹಾರನ್ನು ಜನರ ಕಡೆಗೆ

ಧ್ವನಿವರ್ಧಕಕ್ಕೆ ವಿದ್ಯುತ್ತು ಬೇಕು. ಆ ವಿಷಯದಲ್ಲಿ ಕೋಲಾರ ಜಿಲ್ಲೆಗೆ ವಿಶೇಷ ಸ್ಥಾನವಿದೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗಳಿಗೆ ಬಂತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಗಣಿಯ ಯಂತ್ರಗಳಿಗೆ ಅಷ್ಟು ಬೇಗ ಬಂದ ವಿದ್ಯುತ್ತು ಸುತ್ತಲಿನ ಹಳ್ಳಿಗಳ ವೇದಿಕೆಗಳನ್ನು ಮುಟ್ಟಲು ಇನ್ನೂ ಹಲವು ದಶಕಗಳು ಬೇಕಾದವು.

ಆ ವೇಳೆಗೆ ಹೊರದೇಶಗಳಲ್ಲಿ ಧ್ವನಿವರ್ಧಕದ ಪ್ರಯೋಗಗಳು ನಡೆದಿದ್ದವು. ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬ ಇಬ್ಬರು 1915ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಭಾರಿ ಜನಸ್ತೋಮಕ್ಕೆ ತಮ್ಮ ಲೌಡ್‌ಸ್ಪೀಕರಿನಿಂದ ಸಂಗೀತ, ಭಾಷಣಗಳನ್ನು ಕೇಳಿಸಿದರು. 1925ರಲ್ಲಿ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು ಸುರುಳಿ ಮತ್ತು ಕಾಗದದ ಶಂಕುವಿನ ಸ್ಪೀಕರನ್ನು ಪ್ರಕಟಿಸಿದರು. ಇಂದಿನ ಸ್ಪೀಕರುಗಳಲ್ಲಿ ಬಹುಪಾಲು ಇದೇ ವಂಶದವು. ನಮ್ಮಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಅದರದೇ. ಮೈಕಿನ ಮುಂದೆ ಹೇಗೆ ಹಾಡಬೇಕೆಂಬುದನ್ನು ನಮ್ಮ ಕಲಾವಿದರು ಬಾನುಲಿ ಕೇಂದ್ರಗಳಲ್ಲಿ ಕಲಿಯತೊಡಗಿದರು.

ಮುಂದೆ ಹಳ್ಳಿಗಳಿಗೂ ಮೈಕ್‌ಸೆಟ್ಟು ಬಂತು. ಮರಕ್ಕೋ ಕಂಬಕ್ಕೋ ಕಟ್ಟಿದ ಹಾರನ್ನು ಮದುವೆಯ ಸುದ್ದಿಯನ್ನು ನಾಲ್ಕು ಊರಿಗೆ ಸಾರಿತು. ನಾಟಕದ ವೇದಿಕೆಯ ಮೇಲೆ ಮೈಕು ತೂಗಿತು. ಹಾರನ್ನಿನ ಬಾಯಿ ಎತ್ತ ಕಡೆಗೆ? ಜನರ ಕಡೆಗೆ. ಪಾತ್ರಧಾರಿಗೆ ಅದರ ಬೆನ್ನು. ಅವನಿಗೆ ಕೇಳುವುದು ತನ್ನ ಗಂಟಲಿನ ದನಿ, ಜೊತೆಗೆ ಎದುರಿನ ಗೋಡೆಗೆ ಬಡಿದು ತಡವಾಗಿ ಹಿಂತಿರುಗಿದ ಪ್ರತಿಧ್ವನಿ.

ಸ್ವಲ್ಪ ಲೆಕ್ಕ ಹಾಕೋಣ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ವೇದಿಕೆಯಿಂದ 34 ಮೀಟರು ದೂರದಲ್ಲಿ ಶಾಲೆಯ ಗೋಡೆಯಿದ್ದರೆ ದನಿ ಹೋಗಿ ಬರಲು 68 ಮೀಟರು ಸಾಗಬೇಕು. ಅಂದರೆ ಸೆಕೆಂಡಿನ ಐದನೇ ಒಂದು ಭಾಗ ತಡ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಎರಡು ಪೆಟ್ಟುಗಳ ನಡುವಿನ ಅವಧಿ ಅರ್ಧ ಸೆಕೆಂಡು. ಆ ಅವಧಿಯಲ್ಲಿ ಐದನೇ ಎರಡು ಭಾಗದಷ್ಟು ತಡವಾಗಿ ಬಂದ ದನಿಯನ್ನು ನಂಬಿದವನು ತಾಳ ತಪ್ಪುವುದು ಖಂಡಿತ.

ಕೇಳಿಸದ ಕಛೇರಿ

1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಎಂಬಾತ ಒಂದು ಹೊಸ ವಾದ್ಯವನ್ನು ಮಾರುಕಟ್ಟೆಗೆ ತಂದ. ಅದುವರೆಗೆ ತಂಡಗಳಲ್ಲಿ ಮಂದ್ರ ಸ್ವರ ನುಡಿಸಲು ಆಳೆತ್ತರದ ಡಬಲ್ ಬೇಸ್ ವಾದ್ಯವಿತ್ತು. ಅದನ್ನು ಹೊತ್ತು ತಿರುಗುವುದು ಕಷ್ಟ. ಡ್ರಮ್ಮಿನ ಎದುರು ಅದರ ದನಿ ಅಡಗಿಹೋಗುತ್ತಿತ್ತು. ಫೆಂಡರನ ವಾದ್ಯ ಗಿಟಾರಿನಂತೆ ಕೊರಳಿಗೆ ನೇತುಹಾಕಿಕೊಳ್ಳುವಂಥದು, ಮೆಟ್ಟಿಲುಗಳುಳ್ಳದ್ದು, ವಿದ್ಯುತ್ತಿನದು. ಮೆಟ್ಟಿಲುಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತಿತ್ತು. ಆದ್ದರಿಂದಲೇ ಅದಕ್ಕೆ 'ಪ್ರಿಸಿಷನ್ ಬೇಸ್' ಎಂದು ಹೆಸರಿಟ್ಟ.

ತಂಡದಲ್ಲಿ ಬೇಸ್ ವಾದಕನ ಕೆಲಸವೇನು? ನಮ್ಮ ಕಛೇರಿಯ ಭಾಷೆಯಲ್ಲಿ ಹೇಳುವುದಾದರೆ, ತಂಬೂರಿಯಂತೆ ಆಧಾರ ಸ್ವರವನ್ನು ಹಿಡಿಯುವುದು, ಮೃದಂಗದಂತೆ ನಡೆಯನ್ನು ಕಾಯುವುದು. 1981ರಲ್ಲಿ ತೆರೆಕಂಡ ಶಂಕರನಾಗ್ ಅವರ 'ಗೀತಾ' ಚಿತ್ರಕ್ಕೆ ಇಳಯರಾಜ ಸಂಗೀತ ನೀಡಿದರು. ಆ ಚಿತ್ರದ ಹಾಡುಗಳನ್ನು ಒಮ್ಮೆ ಮಾತು ಬಿಟ್ಟು, ಕೆಳಗಿನ ಸ್ವರಗಳಿಗೆ ಮಾತ್ರ ಕಿವಿಗೊಟ್ಟು ಕೇಳಿ. ಹಾಡಿನ ಅಡಿಯಲ್ಲಿ ಇನ್ನೊಂದು ಹಾಡು ನಡೆಯುತ್ತಿರುವುದು ತಿಳಿಯುತ್ತದೆ. ಅದೇ ಬೇಸ್. ಅದನ್ನು ತೆಗೆದುಬಿಟ್ಟರೆ ಹಾಡು ನಿಂತ ನೆಲವೇ ಕುಸಿದ ಹಾಗೆ.

ಇಂಥ ಮುಖ್ಯವಾದ ವಾದ್ಯ ನುಡಿಸುವವನಿಗೇ ಅದು ಕೇಳದೆ ಹೋದ ಕಥೆಯನ್ನು ನೋಡಿ. 1965ರ ಆಗಸ್ಟ್ 15ರಂದು ಇಂಗ್ಲೆಂಡಿನ ಬೀಟಲ್ಸ್ ತಂಡ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಹಾಡಿತು. ಸೇರಿದ್ದವರು 55 ಸಾವಿರಕ್ಕೂ ಹೆಚ್ಚು ಜನ. ಗಿಟಾರುಗಳಿಗೆ ಇದ್ದದ್ದು 100 ವ್ಯಾಟಿನ ಆಂಪ್ಲಿಫೈಯರುಗಳು. ಹಾಡಿನ ದನಿ ಹೋದದ್ದು ಕ್ರೀಡಾಂಗಣದ ಪ್ರಕಟಣೆಯ ಸ್ಪೀಕರುಗಳಿಗೆ. ಕಲಾವಿದರ ಕಡೆಗೆ ತಿರುಗಿದ ಸ್ಪೀಕರು ಒಂದೂ ಇರಲಿಲ್ಲ. ಅಭಿಮಾನಿಗಳ ಕೂಗಿನಲ್ಲಿ ಎಲ್ಲವೂ ಮುಳುಗಿತು. ಆ ದಿನಗಳ ಕಛೇರಿಗಳಲ್ಲಿ ಮುಂದೆ ನಿಂತವರ ತಲೆ, ಸೊಂಟದ ಅಲುಗಾಟ ನೋಡಿ ಹಾಡು ಎಲ್ಲಿದೆಯೆಂದು ಊಹಿಸುತ್ತಿದ್ದೆ ಎಂದು ಡ್ರಮ್ ವಾದಕ ರಿಂಗೋ ಸ್ಟಾರ್ ಮುಂದೆ ಹೇಳಿಕೊಂಡಿದ್ದಾರೆ. ತಂಡದ ಬೇಸ್ ವಾದಕ ಪಾಲ್ ಮೆಕಾರ್ಟ್ನಿ. ಲೋಕಪ್ರಸಿದ್ಧರಾದ ಆ ನಾಲ್ವರು ತಮ್ಮ ಸಂಗೀತ ತಮಗೇ ಕೇಳದ ಕಛೇರಿಗಳನ್ನು ನಡೆಸಿದರು. 1966ರ ಆಗಸ್ಟ್ ನಂತರ ಅವರು ಸಂಚಾರದ ಕಛೇರಿಗಳನ್ನೇ ನಿಲ್ಲಿಸಿದರು. ಅದಕ್ಕೆ ಕಾರಣಗಳು ಹಲವು. ಇದೂ ಅವುಗಳಲ್ಲಿ ಒಂದು.

ಇದಕ್ಕೆ ಪರಿಹಾರವಾಗಿ 1960ರ ದಶಕದಲ್ಲಿ ಒಂದೆರಡು ಸ್ಪೀಕರುಗಳನ್ನು ಕಲಾವಿದರ ಕಡೆಗೇ ತಿರುಗಿಸಿಡುವ ಪದ್ಧತಿ ಬೆಳೆಯಿತು. ವೇದಿಕೆಯ ನೆಲದ ಮೇಲೆ ಓರೆಯಾಗಿ ಮಲಗಿಸಿದ ಪೆಟ್ಟಿಗೆಯನ್ನು ನೀವು ನೋಡಿರಬಹುದು. ಅದೇ ಮಾನಿಟರ್. ಸಮಸ್ಯೆ ತೀರಿತೆಂದು ತೋರಿತು; ತೀರಲಿಲ್ಲ. ಮಾನಿಟರಿನ ದನಿ ಮತ್ತೆ ಮೈಕಿನೊಳಗೆ ಹೊಕ್ಕು ಸುತ್ತತೊಡಗಿದರೆ 'ಕೀಂಯ್' ಎಂಬ ಕೂಗು ಏಳುತ್ತದೆ. ಗಾಯಕನಿಗೆ ತನ್ನ ದನಿ ಸಾಲದು, ಹೆಚ್ಚಿಸಿ ಎನ್ನುತ್ತಾನೆ. ಅದು ಹೆಚ್ಚಾದಾಗ ಗಿಟಾರಿನವನಿಗೆ ತನ್ನದು ಕೇಳದು, ಅವನೂ ಹೆಚ್ಚಿಸುತ್ತಾನೆ. ಡ್ರಮ್ಮಿನವನು ಇನ್ನಷ್ಟು ಜೋರಾಗಿ ಬಡಿಯುತ್ತಾನೆ. ಸಂತೆಯಲ್ಲಿ ಒಬ್ಬ ಗಂಟಲೇರಿಸಿದರೆ ಎಲ್ಲರೂ ಗಂಟಲೇರಿಸುವಂತೆ ವೇದಿಕೆಯೇ ಸಂತೆಯಾಗುತ್ತದೆ.

ಮಂದ್ರ ಸ್ವರದ ತೊಡಕು

ಈ ಗದ್ದಲದಲ್ಲಿ ಬೇಸ್ ವಾದಕನ ಪಾಡು ಎಲ್ಲರಿಗಿಂತ ಕಠಿಣ. ಕಾರಣ ಭೌತಶಾಸ್ತ್ರದಲ್ಲಿದೆ. ನಾಲ್ಕು ತಂತಿಯ ಬೇಸ್ ಗಿಟಾರಿನ ತಂತಿಗಳ ಆವೃತ್ತಿ ಸುಮಾರು 41, 55, 73 ಮತ್ತು 98 ಹರ್ಟ್ಸ್. ಶಬ್ದದ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ. 340ನ್ನು 41ರಿಂದ ಭಾಗಿಸಿ ನೋಡಿ: ಎಂಟು ಮೀಟರಿಗೂ ಹೆಚ್ಚು. ಒಂದು ಅಲೆಯ ಉದ್ದವೇ ಹಳ್ಳಿಯ ಎಷ್ಟೋ ವೇದಿಕೆಗಳ ಅಗಲಕ್ಕೆ ಸಮ! ಇಂಥ ಉದ್ದನೆಯ ಅಲೆ ಸ್ಪೀಕರಿನ ಮುಂದಕ್ಕಷ್ಟೇ ಸಾಗುವುದಿಲ್ಲ. ಪೆಟ್ಟಿಗೆಯನ್ನು ಬಳಸಿ ಹಿಂದಕ್ಕೂ ಹರಡುತ್ತದೆ. ಎರಡು ಪಕ್ಕದ ಸ್ಪೀಕರುಗಳಿಂದ ಬಂದ ಅಲೆಗಳು, ಗೋಡೆಗೆ ತಾಗಿ ಬಂದ ಅಲೆಗಳು ಒಂದರ ಮೇಲೊಂದು ಬಿದ್ದು ಒಂದು ಕಡೆ ಉಬ್ಬುತ್ತವೆ, ಇನ್ನೊಂದು ಕಡೆ ಅಳಿಸಿಹೋಗುತ್ತವೆ. ವಾದಕ ನಾಲ್ಕು ಹೆಜ್ಜೆ ಸರಿದರೆ ಅದೇ ಸ್ವರ ಬೇರೆಯಾಗಿ ಕೇಳುತ್ತದೆ. ಅವನಿಗೆ ಸಿಗುವುದು ಸ್ಪಷ್ಟ ಸ್ವರವಲ್ಲ, ಒಂದು ಗುಂಗು.

ಇನ್ನೊಂದು ತೊಡಕು ನಮ್ಮ ಕಿವಿಯದೇ. ಮಂದ್ರ ಸ್ವರಗಳಿಗೆ ಮನುಷ್ಯನ ಕಿವಿ ಮಂದ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಇದನ್ನು ಅಳತೆ ಮಾಡಿ ತೋರಿಸಿದರು. ಮಧ್ಯದ ಸ್ವರದಷ್ಟೇ ಜೋರಾಗಿ ಕೇಳಬೇಕಾದರೆ ಮಂದ್ರ ಸ್ವರಕ್ಕೆ ಬಹಳ ಹೆಚ್ಚು ಬಲ ಬೇಕು. ಹಾಗಾಗಿ ಬೇಸ್ ವಾದಕ ತನ್ನ ಆಂಪ್ಲಿಫೈಯರಿನ ಗುಬ್ಬಿಯನ್ನು ತಿರುಗಿಸುತ್ತಲೇ ಹೋಗುತ್ತಾನೆ.

ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಒಳಗಿವಿಯ ಶಂಖದಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಶಬ್ದವನ್ನು ನರಗಳ ಭಾಷೆಗೆ ತಿರುಗಿಸುವ ಕೆಲಸ ಅವುಗಳದು. ಅತಿಯಾದ ಶಬ್ದಕ್ಕೆ ಅವು ಸಾಯುತ್ತವೆ. ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. 1984ರಲ್ಲಿ ಕ್ಯಾಥಿ ಪೆಕ್ ಎಂಬ ಅಮೆರಿಕದ ಬೇಸ್ ವಾದಕಿ ದೊಡ್ಡ ಕ್ರೀಡಾಂಗಣವೊಂದರ ಕಛೇರಿಯಲ್ಲಿ ನುಡಿಸಿದ ಬಳಿಕ ಶ್ರವಣಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡರು. ಕಿವಿಯ ಮೊರೆತ ಅವರನ್ನು ಬಿಡಲಿಲ್ಲ. ಅವರು ಸುಮ್ಮನೆ ಕೂರಲಿಲ್ಲ. 1988ರಲ್ಲಿ ಒಬ್ಬ ವೈದ್ಯರೊಡನೆ ಸೇರಿ ಸಂಗೀತಗಾರರ ಕಿವಿಯ ರಕ್ಷಣೆಗಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿದರು. ವೇದಿಕೆಯ ಶಬ್ದ ಕಲಾವಿದನನ್ನೇ ಕಿವುಡಾಗಿಸಬಲ್ಲದು ಎಂಬ ಮಾತನ್ನು ಬಹಿರಂಗವಾಗಿ ಆಡಿದ ಮೊದಲಿಗರಲ್ಲಿ ಅವರು ಒಬ್ಬರು.

ಸ್ಪೀಕರು ಕಿವಿಯೊಳಗೆ ಬಂದದ್ದು

ಸ್ಪೀಕರನ್ನು ಇನ್ನೂ ದೊಡ್ಡದು ಮಾಡುವ ಬದಲು, ಅದನ್ನು ಕಿವಿಯೊಳಕ್ಕೇ ತಂದರೆ ಹೇಗೆ? ಈ ಯೋಚನೆ ಹಲವರಿಗೆ ಹಲವು ಕಡೆ ಬಂತು; ಒಬ್ಬನೇ ಜನಕನನ್ನು ಹೆಸರಿಸುವುದು ನ್ಯಾಯವಲ್ಲ. 1980ರ ದಶಕದಲ್ಲಿ ಪ್ರಯೋಗಗಳು ನಡೆದವು. ಕಿವುಡರ ಶ್ರವಣ ಸಾಧನಗಳಲ್ಲಿ ಬಳಸುತ್ತಿದ್ದ ಅತಿ ಸಣ್ಣ ಧ್ವನಿಕಾರಕಗಳು ಈ ಕೆಲಸಕ್ಕೆ ಒದಗಿದವು. 1995ರಲ್ಲಿ ಧ್ವನಿ ತಂತ್ರಜ್ಞ ಜೆರ್ರಿ ಹಾರ್ವೆ, ವ್ಯಾನ್ ಹೇಲನ್ ತಂಡದ ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ ಎರಡು ಧ್ವನಿಕಾರಕಗಳ ಇಯರ್‌ಫೋನನ್ನು ತಯಾರಿಸಿದರು. ಅಲ್ಲಿಂದ 'ಅಲ್ಟಿಮೇಟ್ ಇಯರ್ಸ್' ಎಂಬ ಸಂಸ್ಥೆ ಬೆಳೆಯಿತು. ನೋಡಿ, ಕೇಳಿಸದವರಿಗಾಗಿ ಬೆಳೆದ ವಿದ್ಯೆ ಕೇಳುವವರ ಕಿವಿಯನ್ನು ಕಾಯಲು ಬಂತು!

ಸಾಧನದ ಕೆಲಸ ಹೀಗೆ. ವೇದಿಕೆಯ ಎಲ್ಲ ವಾದ್ಯಗಳ, ಮೈಕುಗಳ ದನಿ ಮಿಕ್ಸರಿಗೆ ಹೋಗುತ್ತದೆ. ಅಲ್ಲಿ ಸಭೆಗೆ ಒಂದು ಮಿಶ್ರಣ, ಪ್ರತಿ ಕಲಾವಿದನಿಗೆ ಅವನಿಗೆ ಬೇಕಾದ ಬೇರೊಂದು ಮಿಶ್ರಣ ಸಿದ್ಧವಾಗುತ್ತದೆ. ಬೇಸ್ ವಾದಕ ಸಾಮಾನ್ಯವಾಗಿ ಕೇಳುವುದು ತನ್ನ ವಾದ್ಯ, ಡ್ರಮ್ಮಿನ ದೊಡ್ಡ ಪೆಟ್ಟು, ಗಾಯಕನ ದನಿ, ಇಷ್ಟು. ಸಣ್ಣ ಪ್ರೇಷಕವೊಂದು ಇದನ್ನು ರೇಡಿಯೋ ಅಲೆಯಾಗಿ ಕಳಿಸುತ್ತದೆ. ವಾದಕನ ಸೊಂಟದ ಮೇಲಿನ ಪೆಟ್ಟಿಗೆ ಅದನ್ನು ಹಿಡಿದು ಕಿವಿಗೆ ಕೊಡುತ್ತದೆ. ಒಂದೇ ಕಡೆ ನಿಂತು ನುಡಿಸುವ ಬೇಸ್ ವಾದಕನಿಗೆ ತಂತಿಯ ಸಂಪರ್ಕವೂ ಸಾಕು. ಅದು ಅಗ್ಗವೂ ಹೌದು.

ಎಲ್ಲಕ್ಕಿಂತ ಮುಖ್ಯವಾದದ್ದು ಕಿವಿಯನ್ನು ಬಿಗಿಯಾಗಿ ಮುಚ್ಚುವ ತುದಿ. ಅಚ್ಚು ತೆಗೆದು ಆಯಾ ಕಿವಿಯ ಅಳತೆಗೇ ಮಾಡಿಸುವುದೂ ಉಂಟು. ಬಿಗಿ ತಪ್ಪಿ ಗಾಳಿ ಆಡಿದರೆ ಮೊದಲು ಮಾಯವಾಗುವುದು ಮಂದ್ರ ಸ್ವರಗಳೇ. ಗಾಯಕನಿಗೆ ಇದು ಅಷ್ಟಾಗಿ ತಿಳಿಯದಿರಬಹುದು. ಬೇಸ್ ವಾದಕನಿಗೆ ವಾದ್ಯವೇ ಇಲ್ಲವಾದ ಹಾಗೆ. ಬಿಗಿಯಾಗಿ ಕೂತರೆ ಎರಡು ಲಾಭ. ಹೊರಗಿನ ಗದ್ದಲ ತಗ್ಗುತ್ತದೆ. ಹಾಗಾಗಿ ಒಳಗಿನ ದನಿ ಮೆಲ್ಲಗಿದ್ದರೂ ಸಾಕು. ನೆಲದ ಮಾನಿಟರುಗಳು ಮೌನವಾದ್ದರಿಂದ 'ಕೀಂಯ್' ಎಂಬ ಕೂಗೂ ಕಡಿಮೆ.

ಬೆಂಗಳೂರಿನ ತಂಡಗಳು ಕನ್ನಡದ ಹಾಡನ್ನು ಬೇಸ್ ಗಿಟಾರಿನೊಂದಿಗೆ ದೂರದೂರಕ್ಕೆ ಕೊಂಡೊಯ್ದಿವೆ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ರಘು ದೀಕ್ಷಿತ್ ಅವರ ತಂಡ ಹಾಡಿತು. ಆ ತಂಡದ ಬೇಸ್ ವಾದಕರಾಗಿ ಹೆಸರಾದವರು ಗೌರವ್ ವಾಜ್. ಜಾನಪದದ ಸೊಗಡಿನ 'ಸ್ವರಾತ್ಮ' ತಂಡದಲ್ಲಿ ಜಿಷ್ಣು ದಾಸ್‌ಗುಪ್ತ ಬೇಸ್ ನುಡಿಸಿದ್ದಾರೆ. ಇಂಥ ವೇದಿಕೆಗಳಲ್ಲಿ ಜಾನಪದದ ಮಟ್ಟೂ ವಿದ್ಯುತ್ ವಾದ್ಯವೂ ಒಟ್ಟಿಗೆ ನಿಲ್ಲಬೇಕಾದರೆ ಒಬ್ಬರಿಗೊಬ್ಬರು ಸ್ಪಷ್ಟವಾಗಿ ಕೇಳಲೇಬೇಕು. ಶ್ರುತಿಯ ವಿಷಯದಲ್ಲೂ ಯಂತ್ರ ಹೀಗೆಯೇ ನಮ್ಮೊಳಗೆ ಬಂದಿದೆ. ಬೆಂಗಳೂರಿನ ಜಿ. ರಾಜನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಇಂದು ದೇಶದ ಮನೆಮನೆಯ ಸಂಗೀತ ಪಾಠದಲ್ಲಿ ನುಡಿಯುತ್ತಿದೆ.

ಗಳಿಸಿದ್ದು, ಕಳೆದುಕೊಂಡದ್ದು

ಹಾಗಾದರೆ ಎಲ್ಲವೂ ಸುಖಾಂತವೇ? ಹಾಗೆ ಹೇಳಲಾಗದು. ತಮಟೆ ಬಡಿಯುವವನು ಮೈಯಿಂದಲೂ ಕೇಳುತ್ತಾನೆ ಎಂದು ಮೊದಲೇ ಹೇಳಿದೆ. ಬೇಸ್ ವಾದಕನೂ ಹಾಗೆಯೇ. ಹಿಂದೆ ಆಂಪ್ಲಿಫೈಯರು ಮೊಳಗಿದಾಗ ಅವನ ಎದೆ, ಮೊಣಕಾಲು, ನಿಂತ ಹಲಗೆ ಎಲ್ಲವೂ ನಡುಗುತ್ತಿದ್ದವು. ಕಿವಿಯೊಳಗಿನ ಸಾಧನ ಸ್ವರವನ್ನು ಸ್ಪಷ್ಟವಾಗಿ ಕೊಡುತ್ತದೆ, ನಡುಕವನ್ನು ಕೊಡುವುದಿಲ್ಲ. ಅದಕ್ಕೆಂದೇ ಕೆಲವರು ಸ್ವರಕ್ಕೆ ತಕ್ಕಂತೆ ಕಂಪಿಸುವ ಹಲಗೆಯೊಂದರ ಮೇಲೆ ನಿಂತು ನುಡಿಸುತ್ತಾರೆ. ಕಿವಿಗೆ ತಂದದ್ದನ್ನು ಕಾಲಿಗೂ ತರುವ ಉಪಾಯ ಅದು.

ಇನ್ನೊಂದು ನಷ್ಟ ಜನರದು. ಕಿವಿ ಮುಚ್ಚಿದ ಕಲಾವಿದನಿಗೆ ಚಪ್ಪಾಳೆ ದೂರದ ಮಳೆಯಂತೆ ಕೇಳುತ್ತದೆ. ಮುಂದಿನ ಸಾಲಿನ ಅಜ್ಜ 'ಇನ್ನೊಂದ್ಸಲ' ಎಂದದ್ದು ಕೇಳುವುದೇ ಇಲ್ಲ. ನಮ್ಮ ಕಲೆಗಳಲ್ಲಿ ಸಭೆಯೂ ಒಂದು ಪಕ್ಕವಾದ್ಯ. 'ಭೇಷ್' ಎಂಬ ಮಾತಿಗೆ ರಾಗ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಕೇಳಿಕೆಯಲ್ಲಿ ಜನರ ನಗುವಿಗೆ ಮಾತು ಹಿಗ್ಗುತ್ತದೆ. ಆ ಕೊರತೆ ತುಂಬಲು ಸಭೆಯ ಕಡೆಗೆ ಒಂದೆರಡು ಮೈಕು ತಿರುಗಿಸಿ ಆ ದನಿಯನ್ನೂ ಕಿವಿಗೆ ಕೊಡುವ ಕ್ರಮವಿದೆ. ಊರಿನ ದನಿ ಊರಿನ ಎದುರಲ್ಲೇ ನಿಂತವನಿಗೆ ಯಂತ್ರದ ಮೂಲಕ ಬರುತ್ತದೆ!

ಈ ಏಕಾಂತ ತಾಳಲಾರದೆ ಕೆಲವರು ಒಂದು ಕಿವಿಯ ಸಾಧನವನ್ನು ಕಿತ್ತು ನೇತುಬಿಡುತ್ತಾರೆ. ಇದು ಅಪಾಯಕಾರಿ ಅಭ್ಯಾಸ. ಎರಡು ಕಿವಿಯಿಂದ ಕೇಳಿದಾಗ ಮಿದುಳಿಗೆ ದನಿ ಹೆಚ್ಚಾಗಿ ತೋರುತ್ತದೆ. ಒಂದೇ ಕಿವಿಯಿಂದ ಅಷ್ಟೇ ಕೇಳಬೇಕೆಂದರೆ ಅಲ್ಲಿ ದನಿಯನ್ನು ಏರಿಸಬೇಕು. ಆಗ ಮುಚ್ಚಿದ ಕಿವಿಗೆ ಒಳಗಿನ ಅಬ್ಬರ, ತೆರೆದ ಕಿವಿಗೆ ಹೊರಗಿನ ಅಬ್ಬರ, ಎರಡಕ್ಕೂ ಕೇಡು.

ಸಾಧನ ತಾನಾಗಿ ಕಿವಿಯನ್ನು ಕಾಯುವುದಿಲ್ಲ ಎಂಬುದನ್ನೂ ಮರೆಯಬಾರದು. ಗುಬ್ಬಿ ತಿರುಗಿಸುವ ಬೆರಳು ನಮ್ಮದೇ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಅವಧಿ ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಕೇವಲ 15 ನಿಮಿಷ. ಬಸ್ಸಿನ ಸದ್ದನ್ನು ಮುಳುಗಿಸಲು ಇಯರ್‌ಫೋನಿನ ದನಿ ಏರಿಸಿಕೊಂಡು ಕಾಲೇಜಿಗೆ ಹೋಗುವ ನಿಮಗೂ ಈ ಲೆಕ್ಕ ಅನ್ವಯಿಸುತ್ತದೆ. ಬೇಸ್ ವಾದಕನ ಸಮಸ್ಯೆ ಇಂದು ನಿಮ್ಮ ಜೇಬಿನಲ್ಲೇ ಇದೆ.

ನೀವು ಮಾಡಬಹುದಾದದ್ದು

ನಿಮ್ಮ ಊರಿನ ಮುಂದಿನ ರಸಮಂಜರಿಯಲ್ಲೋ ಕಾಲೇಜಿನ ವಾರ್ಷಿಕೋತ್ಸವದಲ್ಲೋ ಕೆಲವು ಸಂಗತಿಗಳನ್ನು ಗಮನಿಸಿ. ವೇದಿಕೆಯ ಸ್ಪೀಕರುಗಳಲ್ಲಿ ಕಲಾವಿದರ ಕಡೆಗೆ ತಿರುಗಿದವು ಎಷ್ಟು, ಜನರ ಕಡೆಗೆ ತಿರುಗಿದವು ಎಷ್ಟು? ಮೈದಾನದಲ್ಲಿ ಅಡ್ಡಕ್ಕೆ ನಡೆದು, ಬೇಸಿನ ದನಿ ಎಲ್ಲಿ ಉಬ್ಬುತ್ತದೆ, ಎಲ್ಲಿ ಅಡಗುತ್ತದೆ ನೋಡಿ. ವಾದಕರು ಒಬ್ಬರನ್ನೊಬ್ಬರು ಕಿವಿಯಿಂದ ಹಿಂಬಾಲಿಸುತ್ತಿದ್ದಾರೋ, ಕಣ್ಣಿನಿಂದಲೋ? ಕಾರ್ಯಕ್ರಮ ಮುಗಿದ ಮೇಲೆ ನಿಮ್ಮ ಕಿವಿಯಲ್ಲಿ ಮೊರೆತ ಉಳಿದಿದ್ದರೆ ಅದು ಸಂಭ್ರಮದ ಗುರುತಲ್ಲ, ರೋಮಕೋಶಗಳ ದೂರು.

ದುಬಾರಿ ಸಾಧನವಿಲ್ಲದೆಯೂ ಸುಧಾರಣೆ ಸಾಧ್ಯ. ಬಯಲಿನಲ್ಲಿ ದೂರವನ್ನು ಅರ್ಧ ಮಾಡಿದರೆ ದನಿ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಆದ್ದರಿಂದ ವಾದಕರು ಹತ್ತಿರ ಹತ್ತಿರ ನಿಂತರೆ ಅರ್ಧ ಕೆಲಸವಾದಂತೆ. ಬೇಸ್ ವಾದಕನ ಪೆಟ್ಟಿಗೆಯನ್ನು ಕಾಲಬುಡದಲ್ಲಿಡುವ ಬದಲು ಕುರ್ಚಿಯ ಮೇಲೆ, ಕಿವಿಯ ಮಟ್ಟಕ್ಕೆ ಇಟ್ಟರೆ ಅಷ್ಟು ಜೋರು ಬೇಕಾಗದು. ಸ್ಪಂಜಿನ ಕಿವಿಬಿರಡೆ ಕೆಲವೇ ರೂಪಾಯಿಗೆ ಸಿಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ಸರ್ಕಾರ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಕಿವಿಯ ತೊಂದರೆ ಕಂಡವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಚರಿತ್ರೆಯೆಂದರೆ ರಾಜರ, ಯುದ್ಧಗಳ ಕಥೆಯಷ್ಟೇ ಅಲ್ಲ. ಬೆನ್ನ ಹಿಂದಿನ ತಂಬೂರಿ, ಏಳು ತಂತಿಯ ಪಿಟೀಲು, ಕಂಬಕ್ಕೆ ಕಟ್ಟಿದ ಹಾರನ್ನು, ನೆಲದ ಮೇಲಿನ ಓರೆ ಪೆಟ್ಟಿಗೆ, ಕಿವಿಯೊಳಗಿನ ಪುಟ್ಟ ಸಾಧನ ಇವುಗಳದೂ ಒಂದು ಚರಿತ್ರೆ. ಒಂದೊಂದೂ ಒಂದೊಂದು ಕಾಲದ ಕಲಾವಿದರ ಕೇಳುವ ಕಷ್ಟಕ್ಕೆ ಸಂಬಂಧಿಸಿದ್ದು. ತಾನು ನುಡಿಸಿದ್ದು ತನಗೆ ಕೇಳದವನು ಇತರರೊಡನೆ ಕೂಡಿ ನುಡಿಸಲಾರ. ಇತರರದು ಕೇಳದವನೂ ಕೂಡಿ ನುಡಿಸಲಾರ. ಲಕ್ಕೂರಿನಂಥ ಊರಿನ ಹಲಗೆಯ ವೇದಿಕೆಯಾಗಲಿ, ದೂರದೇಶದ ದೊಡ್ಡ ಕ್ರೀಡಾಂಗಣವಾಗಲಿ, ಈ ಮಾತು ಎರಡಕ್ಕೂ ಸಲ್ಲುತ್ತದೆ. ನಿಮ್ಮಲ್ಲಿ ಯಾರಾದರೂ ನಾಳೆ ಆ ದಪ್ಪ ತಂತಿಯ ವಾದ್ಯವನ್ನು ಕೊರಳಿಗೆ ಹಾಕಿಕೊಳ್ಳುವಿರಾದರೆ, ಶ್ರುತಿ ಮಾಡಿಕೊಳ್ಳುವಷ್ಟೇ ಶ್ರದ್ಧೆಯಿಂದ ನಿಮ್ಮ ಕಿವಿಗಳನ್ನೂ ಕಾಪಾಡಿಕೊಳ್ಳಿ. ತಂತಿ ಹರಿದರೆ ಬೇರೆ ತಂತಿ ಅಂಗಡಿಯಲ್ಲಿ ಸಿಗುತ್ತದೆ.